ಜೋಡಿ ಹೆಗಲು

"ಸಂತೆಗೆ ಕುಂಟೆತ್ತು ಹೊಡ್ಕಂಡು ಬಂದಿದ್ಯಲ್ಲೋ ಬೋಳಿಮಗನೆ! ಇಲ್ಲಿ ಯಾರಿಗೂ ಕಣ್ಣಿಲ್ಲ ಅಂತ ಮಾಡಿದ್ಯಾ?"

ಯಲ್ಲಾಪುರದ ನಾಟಾ ಡಿಪೋದ ಮ್ಯಾನೇಜರ ಕಮಲಾಕರ ಹೀಗೆ ಬೈದದ್ದು ನನ್ನನ್ನು. ಕುಂಟೆತ್ತು ಅಂದದ್ದು ನನ್ನ ಪಕ್ಕ ನಿಂತಿದ್ದ ಗೋವಿಂದನಿಗೆ. ಕೂಲಿಗೆ ಸೇರಲು ಬಂದ ನಲವತ್ತು ಜನ ಗೇಟಿನೊಳಗೆ ನಿಂತಿದ್ದರು. ಒಬ್ಬಿಬ್ಬರು ನಕ್ಕರು. ಹಸಿದವನು ಧಣಿ ನಕ್ಕಾಗ ನಗಲೇಬೇಕು, ಅವರ ಮೇಲೆ ನನಗೆ ಸಿಟ್ಟಿಲ್ಲ.

ನಾಟಾ ಹೊರಲು ಒಂಟಿ ಆಳನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ತೊಲೆಯ ಒಂದು ತುದಿ ಒಬ್ಬನ ಹೆಗಲಿಗೆ, ಇನ್ನೊಂದು ತುದಿ ಇನ್ನೊಬ್ಬನ ಹೆಗಲಿಗೆ. ಹೆಗಲು ಎರಡು ಬೆರಳು ತಗ್ಗಿದ್ದರೂ ಭಾರವೆಲ್ಲ ಗಿಡ್ಡನ ಕಡೆಗೇ ಜಾರುತ್ತದೆ. ಅದಕ್ಕೇ ದೀಪಾವಳಿ ಕಳೆದ ಮೇಲೆ ನಾವು ಜೋಡಿಯಾಗಿ ಬರಬೇಕು, ಜೋಡಿಯಾಗಿಯೇ ಸೇರಬೇಕು. ಜೋಡಿ ಸತ್ತರೆ ಉಳಿದವನು ಎಷ್ಟೇ ಗಟ್ಟಿಯಿರಲಿ, ಮನೆ ದಾರಿ ಹಿಡಿಯಬೇಕು. ನನ್ನದೂ ಗೋವಿಂದನದೂ ಐದು ವರ್ಷದ ಜೋಡಿ. ಹೋದ ವರ್ಷ ಲಾರಿಗೆ ಏರಿಸುವಾಗ ತೊಲೆ ಜಾರಿ ಅವನ ಬಲಗಾಲಿನ ಮೇಲೆ ಬಿತ್ತು. ಮೂರು ಬೆರಳು ಹೋದವು.

ಡಿಪೋದ ಹಳೆಯ ಸಾವ್ಕಾರ ಇದ್ದಾಗ ಇಷ್ಟೆಲ್ಲ ಇರಲಿಲ್ಲ. ಹೆಗಲು ನೋಡುತ್ತಿದ್ದ, ಬೆನ್ನಿಗೊಂದು ಗುದ್ದಿ "ನಡಿ" ಅನ್ನುತ್ತಿದ್ದ. ಹೊಡೆಯುತ್ತಲೂ ಇದ್ದ, ತಂಬಾಕು ಕೊಡುತ್ತಲೂ ಇದ್ದ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಆರು ವರ್ಷವಾಯಿತು, ಈಗ ಎಲ್ಲದಕ್ಕೂ ಕಾಗದ. ಗೋವಿಂದ ಆಸ್ಪತ್ರೆಯಿಂದ ಬಂದವನೇ ಔಷಧದ ಖರ್ಚು ಕೇಳಿದ. ಅವನನ್ನು ನೋಡಿ ಇನ್ನು ಕೆಲವರು ಹಾಜರಿ ಚೀಟಿ ಕೇಳಿದರು. "ಈಗಿನ ಕೂಲಿಗಳಿಗೆ ಮೊದಲು ಹಕ್ಕು, ಆಮೇಲೆ ಕೆಲಸ" ಅಂತ ಕಮಲಾಕರ ಉರಿದುಬಿದ್ದ. ಈ ವರ್ಷ ಹೊಸ ಪದ್ಧತಿ ತಂದ. ಮೊದಲು ಇಬ್ಬರ ಹೆಗಲ ಮೇಲೆ ಬೆತ್ತವಿಟ್ಟು ಅಳತೆ. ಆಮೇಲೆ ತೊಲೆ ಹೊತ್ತು ಗೇಟಿನಿಂದ ನಾಟಾ ರಾಶಿಯವರೆಗೆ ನಡೆದು ತೋರಿಸಬೇಕು. ಕೊನೆಗೆ ಅಚ್ಚಾದ ಕಾಗದಕ್ಕೆ ಹೆಬ್ಬೆಟ್ಟು. ಬೆತ್ತ ಯಾಕೆಂದರೆ ನಮ್ಮನ್ನು ಕೈಯಿಂದ ಮುಟ್ಟಿದರೆ ಕಮಲಾಕರನಿಗೆ ಮೈಲಿಗೆ. ನಾವು ಹೊತ್ತ ನಾಟಾ ಮಾತ್ರ ಅವರ ದೇವರ ಕೋಣೆಯ ಬಾಗಿಲಾಗುತ್ತದೆ!

ಇವತ್ತು ಸೇರದಿದ್ದರೆ ನನಗೆ ಉಳಿದದ್ದು ಒಂದೇ ದಾರಿ, ನಮ್ಮೂರು ದಾಸನಕೊಪ್ಪಕ್ಕೆ ತಿರುಗಿ ಹೋಗಿ ಪರಮೇಶ್ವರಪ್ಪ ಗೌಡನ ಕೊಟ್ಟಿಗೆಯಲ್ಲಿ ಜೀತಕ್ಕೆ ಸೇರುವುದು. ಗೌಡ ನನ್ನ ಹೆಂಡತಿ ದ್ಯಾವಮ್ಮನನ್ನು ಕಣಜದ ಕೋಣೆಗೆ ಕರೆದು ಬಾಗಿಲು ಮುಚ್ಚಿದ್ದ. ಅವಳು ಅವನ ಕೈ ಕಚ್ಚಿ ಹೊರಗೆ ಬಂದಳು. ಅವತ್ತೇ ಇಬ್ಬರೂ ಊರು ಬಿಟ್ಟೆವು. ಎಂಟು ದಿನದಿಂದ ಸೇತುವೆಯ ಕೆಳಗೆ ಮಲಗಿದ್ದೆವು. ಉಳಿದ ಡಿಪೋಗಳಲ್ಲಿ ಜೋಡಿಗಳು ಆಗಲೇ ತುಂಬಿದ್ದವು.

"ಆಯ್ತು, ಹೊತ್ತು ತೋರ್ಸಿ," ಅಂದ ಕಮಲಾಕರ. "ನಾಳೆ ಬಡವರ ಹೊಟ್ಟೆ ಮೇಲೆ ಹೊಡೆದ ಅಂತ ಯಾರೂ ಅನ್ನೂಕಾಗೂದಿಲ್ಲ."

ನಾನು ಮುಂದೆ, ಗೋವಿಂದ ಹಿಂದೆ. ಹತ್ತು ಹೆಜ್ಜೆ ಚೆನ್ನಾಗಿಯೇ ನಡೆದೆವು. ಹಿಂದಿನಿಂದ ಅವನ ಉಸಿರು ಕೇಳಿತು. ನನಗೆ ತಡೆಯಲಾಗಲಿಲ್ಲ. ಅವನಿಗೆ ಹಗುರವಾಗಲಿ ಎಂದು ತೊಲೆಯನ್ನು ಒಂದು ಗೇಣು ಮುಂದಕ್ಕೆ ಜಾರಿಸಿ ಹೆಚ್ಚಿನ ಭಾರ ನನ್ನ ಮೇಲೆ ಎಳೆದುಕೊಂಡೆ. ಹೊರುವವನು ಮಾಡಬಾರದ ತಪ್ಪು ಅದು. ಭಾರಕ್ಕೆ ಬಿಗಿದು ನಡೆಯುತ್ತಿದ್ದವನ ಹೆಗಲು ಒಮ್ಮೆಲೇ ಹಗುರಾಗಿ ಗೋವಿಂದನ ಕುಂಟು ಕಾಲು ತಡವರಿಸಿತು. ಅವನು ಮುಗ್ಗರಿಸಿದ, ತೊಲೆ ನೆಲಕ್ಕೆ ಬಿತ್ತು.

"ಲೇ ಸೋಮ, ಹಾಟ್ಯಾ, ನಿನಗ ಹಗುರ ಮಾಡು ಅಂದವ್ರು ಯಾರಲೇ?" ಗೋವಿಂದ ಮಣ್ಣಿನಲ್ಲಿ ಕೂತೇ ಅತ್ತ. "ಹೊರ್ತಿದ್ನಲ್ಲೋ ನಾ! ಹೊರ್ತಿದ್ದೆ!"

"ನಡೀರಿ ಆಚೆ. ಮುಂದಿನ ಜೋಡಿ!" ಕಮಲಾಕರ ಬೆತ್ತ ಬೀಸಿದ.

ಆಗ ದ್ಯಾವಮ್ಮ ಬೇಲಿಯ ಬದಿಯಿಂದ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ನನ್ನ ಹೆಗಲಾ ಅಳೀರಿ, ಸಾಹೇಬ್ರ."

"ಹೆಂಗಸರು ಚಕ್ಕೆ ಆರಿಸೂಕೆ. ನಾಟಾ ಹೊರೂಕೆ ಅಲ್ಲ."

"ಅಳತಿ ನೋಡಿ ಮಾತಾಡ್ರಿ."

ಅವನಿಗೆ ಮೋಜೆನಿಸಿರಬೇಕು, ನಮ್ಮಿಬ್ಬರ ಹೆಗಲ ಮೇಲೆ ಬೆತ್ತವಿಟ್ಟ. ಬೆತ್ತ ಸಮನಾಗಿ ನಿಂತಿತು.

"ನೀ ಮುಂದ, ನಾ ಹಿಂದ," ಅಂದಳು ನನಗೆ. ಆಮೇಲೆ ಮೆಲ್ಲಗೆ, "ನನಗೇನರ ಹಗುರ ಮಾಡಾಕ ಹ್ವಾದಿ ಅಂದ್ರ, ತೊಲಿ ಇಲ್ಲೇ ಒಗದು ಹೋಕ್ಕೀನಿ ನೋಡು."

ಹೊತ್ತೆವು. ಎಂಟು ದಿನ ಅರೆಹೊಟ್ಟೆಯಲ್ಲಿದ್ದ ಹೆಂಗಸು ರಾಶಿಯವರೆಗೆ ಒಂದು ಹೆಜ್ಜೆ ತಪ್ಪದೆ ನಡೆದಳು. ನನಗೆ ಹೆಮ್ಮೆಯಾಯಿತು.

"ಅಡ್ಡಿಲ್ಲೆ ಮಾರಾಯ!" ಕಮಲಾಕರ ತಲೆಯಾಡಿಸಿದ. "ಹಂಗಾದ್ರೆ ಗಂಡಿಗೆ ಪೂರ್ತಿ ಕೂಲಿ, ಹೆಂಗಸಿಗೆ ಅರ್ಧ. ಒತ್ತಿ ಹೆಬ್ಬೆಟ್ಟು." ಕಾಗದವನ್ನು ನೆಲಕ್ಕೆ ಎಸೆದ. ಶಾಯಿಯ ಡಬ್ಬಿಯನ್ನು ಚಪ್ಪಲಿಯಿಂದ ನನ್ನ ಕಡೆ ನೂಕಿದ.

ನಾನು ಆಗಲೇ ಕೂತು ಹೆಬ್ಬೆರಳಿಗೆ ಶಾಯಿ ಹಚ್ಚಿಕೊಂಡಿದ್ದೆ.

"ಏನ್ ಬರದೈತಿ ಓದ್ರಿ," ಅಂದಳು ದ್ಯಾವಮ್ಮ.

"ಕೈಕಾಲು ಮುರಿದರೂ, ಜೀವ ಹೋದರೂ ಅದು ನನ್ನದೇ ತಪ್ಪು. ಡಿಪೋದವರನ್ನು ಏನೂ ಕೇಳುವುದಿಲ್ಲ. ಇಷ್ಟೇ. ಒತ್ತು."

ಸುಳ್ಳು ಯಾಕೆ ಹೇಳಲಿ, ತಲೆ ಕತ್ತರಿಸಿ ಕೊಡುತ್ತೇನೆ ಅಂತ ಬರೆದಿದ್ದರೂ ನಾನು ಒತ್ತುತ್ತಿದ್ದೆ. ಗೌಡನ ಕೊಟ್ಟಿಗೆಯ ಸಗಣಿ ವಾಸನೆ ಮೂಗಿಗೇ ಬಡಿದಂತಾಗಿತ್ತು.

"ತೊಲಿ ಅರ್ಧ ಹೊತ್ನೇನ್ರಿ ನಾ?" ದ್ಯಾವಮ್ಮ ಕೇಳಿದಳು. "ಮತ್ತ ಕೂಲಿ ಯಾಕ ಅರ್ಧ?"

ಕಮಲಾಕರ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಉಳಿದರ್ಧ ಬೇಕಾದ್ರೆ ಸಂಜೆ ಬಂಗ್ಲೆ ಕಡೆ ಬಾ. ಅಲ್ಲಿ ಹಗುರ ಕೆಲ್ಸ ಇರ್ತದೆ."

ಈ ಸಲವೂ ಕೆಲವರು ನಕ್ಕರು. ನಾನು ಹೆಬ್ಬೆರಳು ಎತ್ತಿಕೊಂಡೇ ಕೂತಿದ್ದೆ. ದ್ಯಾವಮ್ಮ ನನ್ನ ಮುಖವನ್ನೇ ನೋಡಿದಳು. ಕಣಜದ ಕೋಣೆಯಿಂದ ಹೊರಗೆ ಬಂದಾಗಲೂ ಹೀಗೇ ನೋಡಿದ್ದಳು. ನನಗೆ ನಾಚಿಕೆಯಾಯಿತು. ಶಾಯಿಯನ್ನು ಪಂಜೆಗೆ ಒರೆಸಿಕೊಂಡು ಎದ್ದೆ.

ಅವಳು ಕಮಲಾಕರನ ಕಾಗದದ ಮೇಲೆ ಉಗುಳಿದಳು. "ಹಾದರಕ್ಕ ಹುಟ್ಟಿದವನ! ನಿಮ್ಮವ್ವನ್ನ ಕರಕೊಂಡು ಬಾ ಬಂಗ್ಲೆಕ!" ಆಮೇಲೆ ನನಗೆ, "ಹೊರು."

"ಎಲ್ಲಿಗೆ?"

"ಹೊರು ಅಂದೆ."

ಅದೇ ತೊಲೆಯನ್ನು ಮತ್ತೆ ಹೊತ್ತು ಗೇಟಿಗೆ ಬಂದೆವು. ಹುಬ್ಬಳ್ಳಿಗೆ ಹೊರಟ ಲಾರಿಯೊಂದು ನಾಟಾ ತುಂಬಿಕೊಂಡು ಹೊರಗೆ ಹೋಗಲು ಬರುತ್ತಿತ್ತು. ದ್ಯಾವಮ್ಮ ಗೇಟಿನ ಎರಡು ಕಂಬಗಳ ನಡುವೆ ತೊಲೆಯನ್ನು ಅಡ್ಡ ಇಳಿಸಿ ಅದರ ಮೇಲೆ ಲಾರಿಗೆ ಎದುರಾಗಿ ಕೂತಳು. ನಾನೂ ಕೂತೆ. "ಪೂರ್ತಿ ಕೂಲಿ ಕೊಡೂತನಕ ಒಂದು ಗಾಡಿನೂ ಹೊರಗ ಹೋಗಾಂಗಿಲ್ಲ," ಅಂದಳು.

"ತೆಗೀರೋ ಅದನ್ನ!" ಕಮಲಾಕರ ಕೂಗಿದ. "ಯಾರು ತೆಗೀತಾರೋ ಆ ಜೋಡಿಗೆ ಈಗಲೇ ಕೆಲ್ಸ! ಅಳತೆಯೂ ಬೇಡ, ಹೆಬ್ಬೆಟ್ಟೂ ಬೇಡ!"

ನಲವತ್ತು ಜನರಲ್ಲಿ ಒಂದು ಜೋಡಿ ಮುಂದೆ ಬಂತು. ಇಬ್ಬರೂ ನಮ್ಮ ಕೇರಿಯವರೇ. ಒಬ್ಬ ದ್ಯಾವಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಏಳ ಯವ್ವಾ. ಕೈ ಮುಗೀತೀನಿ. ಮನ್ಯಾಗ ಒಲಿ ಹತ್ತಿ ಮೂರು ದಿನಾತು."

"ನಮ್ದೂ ಹತ್ತಿಲ್ಲೋ ಅಣ್ಣಾ. ಹೊರೂದಿದ್ರ ನಮ್ಮನ್ನೂ ಕೂಡೇ ಹೊರ್ರಿ."

ಅವನು ತೊಲೆಯ ತುದಿಗೆ ಕೈ ಹಾಕಿದ. ಎತ್ತಲಿಲ್ಲ, ಬಿಡಲೂ ಇಲ್ಲ. ಅವನ ಜೋಡಿ ಇನ್ನೊಂದು ತುದಿಯಲ್ಲಿ ತಲೆ ತಗ್ಗಿಸಿ ನಿಂತ. ಬೇಲಿಯ ಬಳಿಯಿಂದ ಗೋವಿಂದ ಬೊಬ್ಬೆ ಹೊಡೆದ, "ಏಳ್ರಲೇ ಸೋಮ, ಸಾಯ್ತೀರಿ! ಇವ್ರ ಕೈಯಾಗ ಸತ್ರ ಕೇಳಾವ್ರಿಲ್ಲ!"

"ಬಿಡು ಗಾಡಿ," ಕಮಲಾಕರ ಡ್ರೈವರನಿಗೆ ಹೇಳಿದ. "ಹೆದರಿ ತಾವೇ ಏಳ್ತಾರೆ."

ಲಾರಿ ಮೆಲ್ಲಗೆ ಮುಂದೆ ಬಂತು. ಎಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯಿತು. ತೊಲೆಗೆ ಕೈ ಹಾಕಿದ್ದವರು ಹಾರಿ ಆಚೆ ನಿಂತರು. ನನ್ನ ಮೈ ತಾನಾಗಿಯೇ ಏಳಲು ಹೋಯಿತು. ದ್ಯಾವಮ್ಮ ನನ್ನ ರಟ್ಟೆ ಹಿಡಿದು ಕೂರಿಸಿದಳು. ಡ್ರೈವರ ಒಮ್ಮೆ ನಮ್ಮನ್ನು ನೋಡಿದ, ಒಮ್ಮೆ ಮ್ಯಾನೇಜರನನ್ನು ನೋಡಿದ.

"ಬಿಡು ಅಂದೆನಲ್ಲೋ!"

ಲಾರಿಯ ಮೂತಿಯ ಕಬ್ಬಿಣ ದ್ಯಾವಮ್ಮನ ಮೊಣಕಾಲಿಗೆ ತಾಗಿತು. ಅವಳು ಏಳಲಿಲ್ಲ, ನಾನೂ ಏಳಲಿಲ್ಲ. ಎಂಜಿನ್ ಇನ್ನೂ ನಿಂತಿರಲಿಲ್ಲ.