ಹಳ್ಳ ದಾಟುವ ಹೊತ್ತು

ಗೇಟಿನ ಚಿಲಕ ಮತ್ತೆ ಸಣ್ಣಗೆ ಕಿರ್ರೆಂದಿತು. ನಡುರಾತ್ರಿ ದಾಟಿತ್ತು. ಯಾರೋ ಗೇಟು ತೆಗೆದು ಬೀದಿಗೆ ಹೋಗಿ, ಹೋಗುವುದಕ್ಕೆ ಜಾಗವೇ ಇಲ್ಲವೆಂಬಂತೆ ತಿರುಗಿ ಬಂದು ಮತ್ತೆ ಹಾಕುತ್ತಿದ್ದರು. ಕೆಳಗಿನ ಮನೆಯ ಬೋರಣ್ಣನವರೇ ಇರಬೇಕು. ಮನೆ ಮಾಲೀಕರ ನಿದ್ದೆಗೇಡು ಬಾಡಿಗೆಗಿರುವವಳ ವಿಷಯವಲ್ಲ ಎಂದುಕೊಂಡು ಅನ್ನಪೂರ್ಣ ಮಗ್ಗುಲಾದಳು. ಕಿವಿ ಮಾತ್ರ ಮಲಗಲಿಲ್ಲ.

ಬೆಳಿಗ್ಗೆ ಬೋರಣ್ಣನವರ ಹೆಂಡತಿ ಮರಿಯಮ್ಮ ಮೆಟ್ಟಿಲು ಹತ್ತಿ ಬಂದಾಗ ಅವಳು ಹಲ್ಲುಜ್ಜುತ್ತಿದ್ದಳು.

"ಅರ್ಪಿತ ಫೋನ್ ಮಾಡಿಲ್ಲ ಕಣಮ್ಮ. ನಿನ್ನೆ ಮಧ್ಯಾಹ್ನದಿಂದ ಅವಳದ್ದೂ ಅಳಿಯಂದೂ ಎರಡೂ ಸ್ವಿಚ್ ಆಫ್. ರಾತ್ರಿ ರೂಮಿಗೇ ಬಂದಿಲ್ಲ ಅಂತಾರಂತೆ ಹೋಟೆಲ್‌ನೋರು."

"ಆ ಕಡೆ ಸಿಗ್ನಲ್ ಇರಲ್ಲ ಆಂಟಿ."

"ಹಂಗಂತೀಯಾ? ನೀನು ನೋಡಿರೋ ಜಾಗ. ನೀನು ಹೇಳಿದ್ರೆ ಧೈರ್ಯ."

ಅನ್ನಪೂರ್ಣ ಮತ್ತೆ ಬ್ರಷ್ ಬಾಯಿಗಿಟ್ಟಳು. ಬಾಯಲ್ಲಿ ನೊರೆ ಇದ್ದುದು ಒಳ್ಳೆಯದೇ ಆಯಿತು.

ಅರ್ಪಿತ ಗಂಡ ಮನುವಿನ ಜೊತೆ ಸುತ್ತಲು ಹೋಗಿದ್ದ ಆ ಜಾಗವನ್ನು ಅವಳು ನೋಡಿರಲಿಲ್ಲ. ಅವಳ ಬಳಿ ಪಾಸ್‌ಪೋರ್ಟ್ ಕೂಡ ಇರಲಿಲ್ಲ. ಆಲ್ಪ್ಸ್ ಪರ್ವತಗಳ ನಡುವಿನ ಒಂದು ಕಣಿವೆ ಅದು. ಒಂದು ಮಗ್ಗುಲಿಗೆ ಆಸ್ಟ್ರಿಯಾ, ಇನ್ನೊಂದಕ್ಕೆ ಇಟಲಿ, ಗುಡ್ಡದ ನೆತ್ತಿಯ ಮೇಲೆ ಗಡಿ. ಅಲ್ಲಿನ ಕಾಲುದಾರಿಗಳ ಬಗ್ಗೆ ಪ್ರವಾಸಿಗರಿಗಾಗಿ ಕನ್ನಡದಲ್ಲಿ ಬರೆಯುವುದು ಜೆ.ಪಿ. ನಗರದ ಆಫೀಸಿನಲ್ಲಿ ಅವಳ ಕೆಲಸ. ಉಪಗ್ರಹದ ಚಿತ್ರ, ಯಾರೋ ತೆಗೆದ ಫೋಟೊ, ಯಾರದೋ ಇಂಗ್ಲಿಷಿನ ನಾಲ್ಕು ಸಾಲು, ಉಳಿದದ್ದು ಅವಳದು. ಎಲ್ಲಿ ಪೈನ್ ಮರಗಳು ಮುಗಿದು ಹುಲ್ಲು ಶುರುವಾಗುತ್ತದೆ, ಎಲ್ಲಿ ಹಸುವಿನ ಗಂಟೆ ಕೇಳಿಸುತ್ತದೆ ಎಂದು ಅವಳು ಬರೆದದ್ದನ್ನು ಓದಿದವರಿಗೆ ತಾವೇ ಹತ್ತಿದಂತೆ ಮೀನಖಂಡ ನೋಯುತ್ತಿತ್ತು. ಬಿ.ಟಿ.ಎಂ. ಲೇಔಟಿನಲ್ಲಿ ನಾಲ್ಕು ವರ್ಷ ಇದ್ದೂ ಹಿಂದಿನ ಬೀದಿ ಯಾವ ಮುಖ್ಯರಸ್ತೆಗೆ ಸೇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಒಮ್ಮೆ ಅರ್ಪಿತ ಅದನ್ನೆಲ್ಲ ಓದಿ, "ಅಕ್ಕಾ, ನೀವು ಯಾವಾಗ ಹೋಗಿದ್ರಿ?" ಎಂದು ಕಣ್ಣರಳಿಸಿದ್ದಳು. ಅನ್ನಪೂರ್ಣ ನಕ್ಕಿದ್ದಳು. ಅಷ್ಟೇ. ಆ ನಗು ಮರಿಯಮ್ಮನ ಬಾಯಿಗೆ ಬಿದ್ದು ಬೀದಿ ಸುತ್ತಿ, "ನಮ್ ಮೇಲ್ಗಡೆ ಮನೆ ಹುಡುಗಿ ಫಾರಿನ್ನೆಲ್ಲಾ ಕಾಲ್ನಡಿಗೇಲೇ ಸುತ್ತಿದಾಳೆ" ಎಂದಾಗಿ ವಾಪಸು ಬಂದಿತ್ತು. ಅಂದಿನಿಂದ ಹಬ್ಬದ ದಿನ ಅವಳಿಗೂ ಎಲೆ ಹಾಕುತ್ತಿದ್ದರು. ತಿದ್ದಲು ಹೋದರೆ ಎಲೆ ಎತ್ತಿಬಿಡುತ್ತಾರೇನೋ ಎನಿಸಿ ಅವಳು ತಿದ್ದಿರಲಿಲ್ಲ.

ಮರಿಯಮ್ಮ ಇಳಿದು ಹೋದ ಮೇಲೆ ಫೋನ್ ತೆಗೆದಳು. ನಿನ್ನೆ ಅರ್ಪಿತ ಕಳಿಸಿದ್ದ ಮಾತು ಹಾಗೇ ಇತ್ತು. "ಅಕ್ಕಾ, ಹೋಟೆಲ್‌ನಲ್ಲಿ ಗುಡ್ಡದ ದಾರೀಲಿ ಹೋಗ್ತೀವಿ ಅಂದಿದ್ವಿ. ಈಗ ಪ್ಲಾನ್ ಚೇಂಜ್. ನಿಮ್ಮ ಹಳ್ಳದ ದಾರೀಲೇ ಹೊರಟ್ವಿ. ನೀವು ಹೇಳಿದ ಹಾಗೆ ಬಿಸಿಲೇರಲಿ ಅಂತ ಕಾಯ್ತಿದೀವಿ. ಮನುಗೆ ಹೊಟ್ಟೆ ಹಸಿವಂತೆ, ಸಖತ್ ಗೋಳು!" ಅದರ ಕೆಳಗೆ ಅನ್ನಪೂರ್ಣ ಹೆಬ್ಬೆರಳಿನ ಚಿತ್ರ ಒತ್ತಿದ್ದಳು.

ಬಿಸಿಲೇರಲಿ ಅಂತ. ಹಾಗೆಂದು ತಾನು ಬರೆದಿದ್ದೆನೆ?

ಬಸ್ಸಿನಲ್ಲಿ ನಿಂತೇ ಆ ಪುಟ ತೆರೆದಳು. ಬರೆದಿದ್ದಳು. "ಬೆಳಗಿನ ಚಳಿಯಲ್ಲಿ ಹಳ್ಳಕ್ಕಿಳಿಯಬೇಡಿ. ಬೇಸಿಗೆಯ ಮಧ್ಯಾಹ್ನ ನೀರು ಪಾದ ಮುಳುಗುವಷ್ಟೂ ಇರುವುದಿಲ್ಲ, ಆರಾಮವಾಗಿ ದಾಟಬಹುದು."

ಇದನ್ನು ಯಾವ ಫೋಟೊ ಹೇಳಿತ್ತು? ಯಾವುದೂ ಇಲ್ಲ. ಅದು ಸಿಂದಗಿ ಕಡೆಯ ಅವಳ ಊರಿನ ಹಳ್ಳ. ಬೇಸಿಗೆ ಬಂದರೆ ಅಲ್ಲಿ ನೀರಿರುತ್ತಿರಲಿಲ್ಲ, ಹೆಂಗಸರು ಉಸುಕಿನಲ್ಲಿ ಕುಣಿ ತೋಡಿ ತಂಬಿಗೆಯಲ್ಲಿ ಮೊಗೆಯುತ್ತಿದ್ದರು. ಹಳ್ಳವೆಂದರೆ ಬೇಸಿಗೆಯಲ್ಲಿ ಬತ್ತುವುದು. ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ, ಹಾಗಾಗಿ ಅನುಮಾನವೂ ಬಂದಿರಲಿಲ್ಲ.

ಆಫೀಸಿನಲ್ಲಿ ಹುಡುಕಿದಳು. ಆ ಹಳ್ಳದ ದಂಡೆಯಲ್ಲಿ ಕುರಿಗಾಹಿಗಳ ಗುಡಿಸಲು. ಅದರ ಮಾಡಿಗೆ ಯಾರೋ ಹವಾಮಾನ ನೋಡಲು ಕ್ಯಾಮೆರಾ ಕಟ್ಟಿದ್ದರು. ನಿನ್ನೆಯ ಚಿತ್ರಗಳೂ ಸಿಕ್ಕವು. ಬೆಳಿಗ್ಗೆ ಉರುಟು ಕಲ್ಲುಗಳು, ನಡುವೆ ಜಡೆಯಂತೆ ಸಣ್ಣ ನೀರು. ಬಿಸಿಲಿಗೆ ಮೇಲಿನ ಹಿಮ ಕರಗಿ ನೀರು ಏರುತ್ತಾ ಹೋದ ಹಾಗೆ ಕಲ್ಲುಗಳು ಒಂದೊಂದಾಗಿ ಕಾಣೆಯಾದವು. ಮಧ್ಯಾಹ್ನದ ಚಿತ್ರದಲ್ಲಿ ಕಲ್ಲೇ ಇರಲಿಲ್ಲ. ಬೂದಿ ಬಣ್ಣದ್ದೇನೋ ದಂಡೆಯಿಂದ ದಂಡೆಗೆ ಹೊರಳುತ್ತಿತ್ತು. ಮನುಷ್ಯರು ಯಾವ ಚಿತ್ರದಲ್ಲೂ ಇರಲಿಲ್ಲ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟೋ ನಿಮಿಷ. ಆ ನಿಮಿಷಗಳಲ್ಲಿ ಏನು ಬೇಕಾದರೂ ಆಗಿರಬಹುದು.

ಪುಟ ತೆರೆದು ಆ ಎರಡು ವಾಕ್ಯಗಳನ್ನು ಅಳಿಸಿದಳು. ಹಿಂದಿನ ವಾಕ್ಯಕ್ಕೂ ಮುಂದಿನದಕ್ಕೂ ಹೊಲಿಗೆ ಹಾಕಿದಳು. ಅಲ್ಲಿ ಹಳ್ಳವೇ ಇರಲಿಲ್ಲವೆಂಬಂತೆ ದಾರಿ ಸಲೀಸಾಗಿ ಸಾಗಿತು.

"ಏನ್ ಅನ್ನಪೂರ್ಣ, ಬಂದ ತಕ್ಷಣ ಹಳೇ ಪೇಜು?" ಮೇಲಧಿಕಾರಿ ಶಶಿಧರ್ ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದರು.

"ಒಂದು ಸಾಲು ಸರಿ ಇರ್ಲಿಲ್ಲ ಸಾರ್."

"ಭಾಷೆನಾ?"

"ಹ್ಞೂಂ." ಕುರ್ಚಿ ತಿರುಗಿಸಿ ಕೇಳಿದಳು: "ಸಾರ್, ನಾವು ಬರೆದಿದ್ದು ನಂಬ್ಕೊಂಡು ಹೋಗಿ ಯಾರಿಗಾದ್ರೂ ಏನಾದ್ರೂ ಆದ್ರೆ?"

ಶಶಿಧರ್ ನಕ್ಕರು. "ಅಷ್ಟೆಲ್ಲಾ ಓದೋರು ಯಾರಿದಾರ್ರೀ? ಕೊನೇಲಿ ಹಾಕಿದೀವಲ್ಲ, ದಾರಿಯ ಹೊಣೆ ನಡೆಯುವವರದ್ದೇ ಅಂತ. ನೀವೇ ಬರೆದಿದ್ದು. ಚೆನ್ನಾಗಿ ಬರೆದಿದ್ರಿ."

ಆಮೇಲೆ ಅವಳು ಕೆಲಸ ಮಾಡಿದಳು. ಬೇರೊಂದು ದಾರಿಯ ಬಗ್ಗೆ ಬರೆದಳು. ನಡುನಡುವೆ ಗುಡಿಸಲಿನ ಕ್ಯಾಮೆರಾ ನೋಡಿದಳು. ಅಲ್ಲಿ ಇನ್ನೂ ಬೆಳಿಗ್ಗೆ. ಕಲ್ಲುಗಳು ವಾಪಸು ಬಂದಿದ್ದವು, ಒಣಗಿ, ಮುಗ್ಧವಾಗಿ. ಈಗಲೇ ಹೇಳಿದರೆ ಯಾರಾದರೂ ಹಳ್ಳದುದ್ದಕ್ಕೂ ಹುಡುಕಬಹುದು ಎಂದು ಒಮ್ಮೆ ಅನಿಸಿತು. ಫೋನ್ ಕೈಗೆತ್ತಿಕೊಂಡಳು. ಸಂಜೆ ಹೋಗಿ ಎದುರಿಗೇ ಹೇಳುವುದು ಸರಿ ಎಂದುಕೊಂಡು ಕೆಳಗಿಟ್ಟಳು.

ಸಂಜೆ ಗೇಟಿನ ಮುಂದೆ ಚಪ್ಪಲಿಗಳ ರಾಶಿ. ಮನುವಿನ ಅಣ್ಣ ಕೈಲಾಸ್ ಫೋನ್ ಕಿವಿಗೊತ್ತಿಕೊಂಡು ಅಂಗಳದಲ್ಲಿ ನಿಂತಿದ್ದ.

"ಬಂದ್ರಾ ಮೇಡಂ?" ಎಂದ ಅವಳನ್ನು ಕಂಡು. "ರೆಸ್ಕ್ಯೂನೋರು ಗುಡ್ಡದ ದಾರೀಲಿ ಹುಡುಕ್ತಿದಾರೆ. ಕೆಳಗಡೆ ಹಳ್ಳದ ಕಡೆಗೂ ಒಂದು ದಾರಿ ಇದ್ಯಂತೆ. ಇರೋದು ಒಂದೇ ಟೀಮು. ಅಲ್ಲಿಗೇನಾದ್ರೂ ಹೋಗಿರಬಹುದಾ ಅಂತ ಕೇಳ್ತಿದಾರೆ."

ಅವಳು ಫೋನಿನಲ್ಲಿ ನಕ್ಷೆ ತೆಗೆದಳು. ಬೋರಣ್ಣ ತಲೆ ಅಲ್ಲಾಡಿಸಿದರು. "ಅದ್ರಾಗೆ ನಂಗೇನೂ ತಿಳಿಯಾಕಿಲ್ಲ ಕಣವ್ವ. ನೆಲದ ಮ್ಯಾಲೆ ಬರಿ." ಊರು ಲೇಔಟ್ ಆದ ಕಾಲದಲ್ಲಿ ಸೈಟಿನ ಜಗಳಗಳನ್ನೆಲ್ಲ ನೆಲದ ಮೇಲೆ ಗೆರೆ ಎಳೆದೇ ತೀರ್ಮಾನಿಸಿದವರು ಅವರು, ಗೆರೆ ಕಂಡರೆ ಮಾತ್ರ ಅವರಿಗೆ ಜಾಗ ಕಾಣುತ್ತಿತ್ತು. ಮರಿಯಮ್ಮ ರಂಗೋಲಿ ಡಬ್ಬ ತಂದಿಟ್ಟಳು.

ಅನ್ನಪೂರ್ಣ ಗೇಟಿಗೆ ಬೆನ್ನು ಮಾಡಿ ಕುಳಿತು ಬರೆದಳು. ಗುಡ್ಡದ ಸಾಲು, ಹೋಟೆಲ್, ಮೇಲಿನ ದಾರಿ, ಕೆಳಗಿನ ದಾರಿ. ಬೆರಳು ತಡವರಿಸಲಿಲ್ಲ. ಅಂಗಳದ ಈ ಗೋಡೆಯಿಂದ ಆ ಗೋಡೆಯವರೆಗೆ ಹಳ್ಳ ಎಳೆದಾಗ ಸುತ್ತ ನಿಂತವರು ಹಿಂದೆ ಸರಿದು ಜಾಗ ಬಿಟ್ಟರು.

"ಇಷ್ಟಗಲಾನಾ?" ಮರಿಯಮ್ಮನ ದನಿ ಒಡೆಯಿತು. "ಇದನ್ನ ಹೆಂಗಮ್ಮ ದಾಟೋದು?"

ಈಗ ಹೇಳಬೇಕಿತ್ತು. ಎಲ್ಲರೂ ಅವಳ ಬೆರಳನ್ನೇ ನೋಡುತ್ತಿದ್ದರು, ಅದು ಅಲ್ಲಿಗೆ ಹೋಗಿ ಬಂದ ಬೆರಳು ಎಂಬಂತೆ.

"ಸೇತುವೆ ಐತ್ರಿ," ಎಂದಳು. ಊರಿನ ಮಾತು ತಾನಾಗಿ ಬಂದಿತ್ತು. ಯಾವ ಚಿತ್ರದಲ್ಲೂ ಇಲ್ಲದ ಸೇತುವೆಗೆ ಹಳ್ಳದ ಅಡ್ಡಲಾಗಿ ಜೋಡಿ ಗೆರೆ ಎಳೆದಳು.

"ನಿಮಗೇನಾದ್ರೂ ಮೆಸೇಜ್ ಹಾಕಿದ್ರಾ ಮೇಡಂ? ಆ ಕಡೆ ಹೋಗ್ತೀವಿ ಅಂತ?" ಕೈಲಾಸ್ ಕೇಳಿದ.

"ಇಲ್ಲ."

ಎಷ್ಟು ಚಿಕ್ಕ ಮಾತು, ಬಾಯಿ ಪೂರ್ತಿ ತೆರೆಯಲೂ ಬೇಕಾಗಲಿಲ್ಲ.

ಬೋರಣ್ಣ ಉಸಿರು ಬಿಟ್ಟರು. "ಸೇತುವೆ ಐತೆ ಅಂದ್ಮ್ಯಾಲೆ ಅಲ್ಲೇನು ಭಯ? ಹಳ್ಳದ ಕಡೆ ಬ್ಯಾಡ ಅಂತ ಹೇಳಪ್ಪ. ಇರೋ ಜನಾನೆಲ್ಲ ಗುಡ್ಡದ ಮ್ಯಾಲೇ ಬಿಡ್ಲಿ." ಕೈಲಾಸ್ ಅದನ್ನೇ ಇಂಗ್ಲಿಷಿನಲ್ಲಿ ಫೋನಿಗೆ ಹೇಳುತ್ತಾ ಒಳಗೆ ಹೋದ. ಯಾರೋ ಕಾಫಿ ಬೇಕೆಂದರು. ಮನೆಯ ಎದೆಭಾರ ಒಂದಿಷ್ಟು ಇಳಿದಿತ್ತು. ಹೀಗೆ ಇಳಿಸಿದ್ದು ತನ್ನ ಮಾತೇ ಎಂಬ ಸಣ್ಣ, ನಾಚಿಕೆಗೆಟ್ಟ ಸುಖ ಅನ್ನಪೂರ್ಣೆಗೆ ಆಯಿತು.

ಅಲ್ಲಿ ಈಗ ಮತ್ತೆ ಮಧ್ಯಾಹ್ನ. ತಾನು ಇವತ್ತು ಬಾಯಿಬಿಟ್ಟರೆ ನಿನ್ನೆ ಏರಿದ ನೀರೇನೂ ಇಳಿಯುವುದಿಲ್ಲ ಎಂದುಕೊಂಡಳು. ದಂಡೆಯ ಬಂಡೆಗೆ ಒರಗಿ ಯಾರಾದರೂ ಇನ್ನೂ ಕೂಗುತ್ತಿದ್ದರೆ? ಆ ಯೋಚನೆಯನ್ನು ಅವಳು, ಬೆಳಿಗ್ಗೆ ಆ ಎರಡು ವಾಕ್ಯಗಳನ್ನು ತೆಗೆದ ಹಾಗೆಯೇ, ತೆಗೆದು ಹಾಕಿದಳು. ಯಾರಿಗೂ ಹೇಳುವುದಿಲ್ಲ. ಇವರಿಗೂ ಇಲ್ಲ, ಆಫೀಸಿನಲ್ಲೂ ಇಲ್ಲ, ಊರಿಗೆ ಹೋದಾಗ ಅವ್ವನಿಗೂ ಇಲ್ಲ.

ಎದ್ದು ನಿಂತಾಗಲೇ ಗೊತ್ತಾದದ್ದು: ತನ್ನ ರೂಮಿನ ಮೆಟ್ಟಿಲು, ಮನೆಯ ಬಾಗಿಲು, ಜನ, ಎಲ್ಲ ಆಚೆ ಇದ್ದವು. ಹಿಂದೆ ಗೇಟು, ಬೀದಿ. ನಡುವೆ ಗೋಡೆಯಿಂದ ಗೋಡೆಗೆ ಬಿಳಿಯ ಹಳ್ಳ.

"ಬಾಮ್ಮ, ಒಂದ್ ತುತ್ತು ತಿಂದು ಹೋಗು," ಬಾಗಿಲಲ್ಲಿ ನಿಂತು ಮರಿಯಮ್ಮ ಕರೆದಳು.

"ತುಳಿದ್ರೆ ಅಳಿಸಿ ಹೋಗತ್ತೆ ಆಂಟಿ."

"ಯಾಕ್ ತುಳೀತೀಯ? ಸೇತುವೆ ಬರೆದಿದೀಯಲ್ಲ, ಅದ್ರ ಮೇಲೇ ಬಾ." ಅಷ್ಟು ಹೊತ್ತಿಗೆ ಮರಿಯಮ್ಮನ ಮುಖದಲ್ಲಿ ನಗುವಿನಂಥದ್ದೊಂದು ಬಂದಿತ್ತು. ಅವಳು ಕೈಯನ್ನೂ ಚಾಚಿದಳು.

ಜೋಡಿ ಗೆರೆಗಳ ನಡುವೆ ಒಂದು ಪಾದ ಹಿಡಿಸುವಷ್ಟು ಜಾಗವಿತ್ತು. ಅನ್ನಪೂರ್ಣ ಬಲಗಾಲು ಎತ್ತಿದಳು. ಎಲ್ಲಿಡಬೇಕೆಂದು ತಿಳಿಯದೆ ಅದು ಗಾಳಿಯಲ್ಲೇ ನಿಂತಿತು.