ಇಂಟರ್‌ನೆಟ್ಟಿನ ಪಾಳಿ

ಅಥಣಿಯ ಆ ಮನೆಯ ಅಣ್ಣತಮ್ಮಂದಿರಿಗೆ ಕಂಪ್ಯೂಟರ್ ಎರಡು, ಇಂಟರ್‌ನೆಟ್ ಒಂದೇ. ಎರಡಕ್ಕೂ ಒಮ್ಮೆಲೇ ಸಾಲುತ್ತಿತ್ತು. ಆದರೆ ಕಬ್ಬಿಗೆ ಪಾಳಿಯ ಮೇಲೆ ನೀರು ಹಾಯಿಸಿ ರೂಢಿಯಾದ ಮನೆತನ. ಇದಕ್ಕೂ ಪಾಳಿ ಹಚ್ಚಿದರು. ತನ್ನ ಪಾಳಿ ಬಂದೊಡನೆ ಹಿರಿಸೊಸೆ ಕಾಂಚನ, ಕಿರಿಸೊಸೆ ನೀಲಮಳ ಕಂಪ್ಯೂಟರಿನ ಇಂಟರ್‌ನೆಟ್ ವೈರು ಕಿತ್ತಿಡುತ್ತಿದ್ದಳು.

"ಅಕ್ಕಾ, ವೈರ್ ಹಚ್ರಿ. ನಮ್ಮವ್ವ ವಿಡಿಯೋದಾಗ ಬರಾಕತ್ತಾಳ."

"ಈಗ ನನ್ನ ಪಾಳಿ ಐತಿ."

"ನಿಮ್ಮ ಕಂಪ್ಯೂಟರ್ ಬಂದ್ ಐತೆಲ್ರಿ!"

"ಇರಲಿ. ಪಾಳಿ ನಂದ."

"ಹಂಗಾರ ನಿಮ್ಮದರಾಗ ಮಾತಾಡ್ತೀನ್ರಿ."

ಒಲ್ಲೆನ್ನಲು ನೆಪ ಹೊಳೆಯದೆ ಕಾಂಚನ ಕಂಪ್ಯೂಟರ್ ಚಾಲೂ ಮಾಡಿ, ಪಕ್ಕದಲ್ಲೇ ಕಾವಲು ಕೂತಳು. ಪರದೆಯಲ್ಲಿ ಮೂಡಿದ ನೀಲಮಳ ಅವ್ವ ಮೊದಲು ಇವಳನ್ನೇ ಕಂಡಳು.

"ಕಾಂಚನಾ, ಎಷ್ಟ ಸೊರಗೀಯವಾ! ಉಣ್ತೀಯೋ ಇಲ್ಲೋ?"

ಕಾಂಚನ ಬೆನ್ನುನೋವಿನಿಂದ ಶುರು ಮಾಡಿ ಅತ್ತೆಯ ಬೈಗುಳಕ್ಕೆ ಬಂದಳು. ಅವ್ವ ಅಲ್ಲಿಂದಲೇ ಕಣ್ಣೊರೆಸಿಕೊಂಡಳು.

ನೀಲಮ ನಡುವೆ ಮುಖ ತೂರಿಸಿದಳು: "ಅವ್ವಾ, ನಾಳಿಂದ ನನ್ನ ಪಾಳ್ಯಾಗ ಅಷ್ಟ ಬಾ."