ಮಾದರಿ ಹೊಲದ ಮಣ್ಣು

ಅರ್ಜಿಯೆಲ್ಲ ತುಂಬಿ ಆಗಿತ್ತು, ಉಳಿದಿದ್ದು ಮಣ್ಣೊಂದೇ. ಅನುದಾನ ಕೊಡುವ ಸಂಸ್ಥೆಯವರು ಬರೀ ಮಾತಿಗೆ ಮರುಳಾಗುವ ಪೈಕಿ ಅಲ್ಲ. ಎರಡು ವರ್ಷದಿಂದ ಹುಳು ಕೊಲ್ಲುವ ಔಷಧಿ ಕಾಣದ ಹೊಲ ಸಂಘದಲ್ಲಿ ಒಂದಾದರೂ ಇರಬೇಕು, ಅದರ ಮಣ್ಣನ್ನು ಅರ್ಜಿಯ ಜೊತೆಗೇ ಕೊಡಬೇಕು, ಪರೀಕ್ಷೆ ಆದಮೇಲೆಯೇ ಹಣ ಎಂದಿದ್ದರು. ಅವರ ಗಾಡಿ ಅಂದು ಮಧ್ಯಾಹ್ನ ಸಂಘದ ಕಚೇರಿಗೆ ಬರುವುದಿತ್ತು.

ಹೆಂಗಸರ ಸಂಘ ನಡೆಸುವ ಅಕ್ಕನಿಗೆ ಅದರ ಚಿಂತೆ ಎಳ್ಳಷ್ಟೂ ಇರಲಿಲ್ಲ, ಮಾದರಿ ಹೊಲವೆಂದು ಅರ್ಜಿಯಲ್ಲಿ ಬರೆದದ್ದು ತನ್ನದನ್ನೇ. ಊರಿಗೆಲ್ಲ ಅವಳು ಮೈಕಕ್ಕ. ವಿಷವಿಲ್ಲದ ಬೇಸಾಯದ ಬಗ್ಗೆ ಮಾತಾಡಲು ಯಾರು ಕರೆದರೂ ಹೋಗುವಳು, ಮೈಕು ಕೈಗೆ ಸಿಕ್ಕರೆ ಸುಲಭಕ್ಕೆ ಬಿಡುವವಳಲ್ಲ. ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದ ಕಷಾಯ ಬಿಟ್ಟರೆ ತನ್ನ ಹೊಲಕ್ಕೆ ಬೇರೇನೂ ಸೋಕಿಸಿಲ್ಲ ಎಂದು ಎದೆ ತಟ್ಟಿ ಹೇಳುವಳು. ಅವಳ ಎಲೆಕೋಸು ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಒಂದು ಎಲೆಗೂ ತೂತಿಲ್ಲ. ಆದರೂ ಸಂಘದ ಹೆಂಗಸರು ಜಾಣೆಯರು. ಮೊದಲ ವರ್ಷಗಳ ನಷ್ಟ ತುಂಬಿಕೊಡುವ ಅನುದಾನ ಬರಲಿ, ಆಮೇಲೆ ನೋಡೋಣ ಎಂದು ಕೈಕಟ್ಟಿ ಕೂತಿದ್ದರು.

ಅಕ್ಕನ ಮಾತು ನಂಬಿ ನೀರಿಗಿಳಿದವಳು ತಂಗಿಯೊಬ್ಬಳೇ. ಕಾಲುವೆಯಾಚೆ ಅವಳ ಹೊಲ. ಬೀಜ ಅದೇ, ಕಷಾಯ ಅದೇ, ಕೋಸು ಮಾತ್ರ ಎರಡು ವರ್ಷವೂ ಜರಡಿ. ಮೊನ್ನೆ ಸಭೆಯಲ್ಲಿ ಅವಳು ಮೆಲ್ಲಗೆ, "ನನ್ನ ನೆಲಕ್ಕೆ ಇದು ಒಗ್ಗಲ್ವೇನೋ ಅಕ್ಕ" ಅಂದಳು. ಅಕ್ಕ ಎಲ್ಲರೆದುರು, "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ" ಎಂದುಬಿಟ್ಟಳು. ಎಲ್ಲರೂ ನಕ್ಕರು. ತಂಗಿಯೂ ತಲೆ ತಗ್ಗಿಸಿಕೊಂಡು ನಕ್ಕಳು.

ಬೆಳಿಗ್ಗೆ ಅಕ್ಕ ಗಂಡನ ಕೈಗೆ ಚೀಲ ಕೊಟ್ಟು ಹೊಲದಿಂದ ಮಣ್ಣು ತರಲು ಕಳಿಸಿದಳು. ಹತ್ತು ಮಾತಿಗೆ ಒಂದು ಮಾತಾಡುವ ಮನುಷ್ಯ ಅವನು. ಅಂದು ಅದೂ ಇಲ್ಲದೆ ಹೊರಟ. ಹೊತ್ತಾಯಿತೆಂದು ಅವಳು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರೆ, ಹೊಲ ಇರುವುದು ಬಲಕ್ಕೆ, ಇವನು ಬರುತ್ತಿರುವುದು ಎಡದಿಂದ. ಚೀಲ ಬಿಚ್ಚಿದಳು. ಕೆಂಪು ಮಣ್ಣು, ಹರಳು ಹರಳು.

"ಎಲ್ಲೀದು ಇದು?"

"ನಮ್ದೇ."

"ನಮ್ಮದು ಕಪ್ಪು ಮಣ್ಣು ಅಂತ ನಂಗೆ ಗೊತ್ತಿಲ್ವಾ? ಯಾರ ಕಣ್ಣಿಗೆ ಎರಚೋಕೆ ತಂದ್ರಿ ಇದನ್ನ?"

ಅವನು ಮೆಟ್ಟಿಲ ಮೇಲೆ ಕೂತ. "ಕಾಲುವೆ ಏರಿ ಮೇಲಿಂದು. ಅಲ್ಲಿ ಯಾರೂ ಏನೂ ಹೊಡೆದಿಲ್ಲ."

ಅಕ್ಕ ಚೀಲ ಕೆಳಗಿಟ್ಟಳು. "ಹಂಗಾದ್ರೆ ನಮ್ಮ ಹೊಲದಲ್ಲಿ?"

ಅವನು ಹೇಳಿದ. ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಿಸಲೂ ಅವನಿಗೆ ಬರಲಿಲ್ಲ. ಮೊದಲನೇ ಬೆಳೆಯಲ್ಲಿ ಹುಳು ಬಿದ್ದಾಗ ಅವಳು ಬದುವಿನ ಮೇಲೆ ಕೂತು ಅತ್ತಿದ್ದಳು. ಅದನ್ನು ನೋಡಲಾಗದೆ, ಅವಳು ಭಾಷಣಕ್ಕೆ ಹೋದ ದಿನ, ಒಂದೇ ಒಂದು ಸಲ ಅಂದುಕೊಂಡು ಔಷಧಿ ಹೊಡೆದಿದ್ದ. "ನೀನು ಬಂದು ನೋಡಿ ಕುಣಿದಾಡ್ದೆ. ಕಷಾಯ ಗೆದ್ದಿತು ಅಂದೆ. ನಾಕು ಕಡೆಯಿಂದ ಕರೆದ್ರು. ಆಮೇಲೆ ಹೇಗೆ ನಿಲ್ಲಿಸ್ಲಿ, ಹೇಳು? ನೀನು ಹೋದಾಗೆಲ್ಲ ಹೊಡೆದೆ."

ಅವಳು ಹೋಗದ ವಾರ ಎಲ್ಲಿತ್ತು? ಮೈಕು ಹಿಡಿದು, ನನ್ನ ಹೊಲಕ್ಕೆ ಬಂದು ಮಣ್ಣು ಮೂಸಿ ನೋಡಿ ಎಂದು ತಾನು ಕೂಗುತ್ತಿದ್ದ ಹೊತ್ತಿಗೆ ಇಲ್ಲಿ ಇವನು ಔಷಧಿ ಡಬ್ಬ ಬೆನ್ನಿಗೇರಿಸಿ ಸಾಲು ಸಾಲು ತಿರುಗುತ್ತಿದ್ದ. ಊರೆಲ್ಲ ತಿದ್ದಲು ಹೊರಟವಳಿಗೆ ತನ್ನ ಹಿತ್ತಲಲ್ಲಿ ಆಗಿದ್ದು ತಿಳಿದಿರಲಿಲ್ಲ. ಅವಳನ್ನು ಇಷ್ಟು ಪ್ರೀತಿಯಿಂದ ಯಾರೂ ಮುಳುಗಿಸಿರಲಿಲ್ಲ, ಅದಕ್ಕೇ ಸಿಟ್ಟು ಇನ್ನೂ ಉರಿಯಿತು.

ಆಗ ತಂಗಿಯ ನೆನಪಾಯಿತು. ಅಯ್ಯೋ! ಅವಳ ಕೋಸು ಜರಡಿಯಾದದ್ದು ಅವಳು ಮಾತಿಗೆ ತಪ್ಪದೆ ಬರೀ ಕಷಾಯ ಹೊಡೆದದ್ದಕ್ಕೆ. ಹುಳು ಬಿದ್ದ ಒಂದೊಂದು ಎಲೆಯೂ ಸಾಕ್ಷಿ. ಇಡೀ ಸಂಘದಲ್ಲಿ ನಿಜವಾಗಿ ಔಷಧಿ ಕಾಣದ ನೆಲವೆಂದರೆ ಅದೊಂದೇ, ಅದರ ಒಡತಿಯನ್ನೇ ತಾನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದ್ದಳು.

ಅರ್ಜಿ ತೆಗೆದು ಮಾದರಿ ಹೊಲದ ಜಾಗದಲ್ಲಿದ್ದ ತನ್ನ ಹೆಸರಿಗೆ ಅಡ್ಡಗೆರೆ ಎಳೆದಳು, ತಂಗಿಯ ಹೆಸರು ಬರೆದಳು. ಬೆಳೆ ಹಾಳಾಗಿದೆ, ನೆಲ ಶುದ್ಧವಾಗಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದಳು. ಇಂಥವರಿಗೇ ಅಲ್ಲವೇ ಆ ಹಣ? ಅವಳ ನಷ್ಟ ತುಂಬುತ್ತದೆ, ಅವಳು ತಲೆ ಎತ್ತುವಂತಾಗುತ್ತದೆ. ಕಾಲು ಹಿಡಿಯುವುದೊಂದು ತನ್ನ ಪಾಲಿಗೆ ಉಳಿದಿದೆ, ಹಿಡಿದರಾಯಿತು.

"ನಾನೂ ಬರ್ತೀನಿ" ಎಂದು ಗಂಡ ಎದ್ದ.

"ನೀವು ಬಂದ್ರೆ ನಾನು ಏನು ಮಾಡ್ತೀನೋ ನಂಗೇ ಗೊತ್ತಿಲ್ಲ, ಕೂತ್ಕೊಳ್ಳಿ" ಎಂದು ಕೆಂಪು ಮಣ್ಣನ್ನು ಅಂಗಳಕ್ಕೆ ಸುರಿದು, ಖಾಲಿ ಚೀಲ ಕಂಕುಳಲ್ಲಿ ಇರುಕಿಕೊಂಡು ಓಡಿದಳು. ಕಾಲುವೆಯ ಹಲಗೆ ದಾಟುವಾಗ ಗಾಬರಿಯ ನಡುವೆಯೂ ಹಗುರೆನಿಸಿತು.

ತಂಗಿ ಅಂಗಳದ ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಳು. ಪಕ್ಕದಲ್ಲಿ ನೀಲಿ ಡಬ್ಬ ಬೋರಲಾಗಿ ಬಿದ್ದಿತ್ತು, ಅದರ ಕೊಳವೆಯಿಂದ ಬಿಳಿ ನೀರು ತೊಟ್ಟಿಕ್ಕುತ್ತಿತ್ತು. ಬೇಲಿಯಾಚೆಯ ಅವಳ ಹೊಲದಿಂದ ಬಂದ ವಾಸನೆ ಗಂಟಲಿಗೇ ಹತ್ತಿತು.

ಅಕ್ಕ ನಿಂತಲ್ಲೇ ನಿಂತಳು.

ತಂಗಿ ಬೆಚ್ಚಿ ಎದ್ದಳು. "ಬೈಬೇಡ ಅಕ್ಕ. ಎರಡು ವರ್ಷ ತಡ್ಕೊಂಡೆ. ನೀನು ಅಂದಿದ್ದೇ ಸರಿ, ನಂಗೆ ಕುಣಿಯೋಕೆ ಬರಲ್ಲ. ಇವತ್ತು ಬೆಳಿಗ್ಗೆ ಪೂರ್ತಿ ಹೊಡೆದುಬಿಟ್ಟೆ."

ಅಕ್ಕನ ಕಂಕುಳಲ್ಲಿದ್ದ ಖಾಲಿ ಚೀಲ ತಂಗಿಯ ಕಣ್ಣಿಗೆ ಬಿತ್ತು.

"ನನ್ನ ಹೊಲದ ಮಣ್ಣಿಗೂ ಬಂದ್ಯಾ? ಅಯ್ಯೋ, ಅದಕ್ಯಾಕೆ ಮುಖ ಹಂಗೆ ಮಾಡ್ಕೊಂಡಿದ್ದೀಯ?" ತಂಗಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳ ಭುಜ ಹಿಡಿದಳು. "ನನ್ನದು ಹೋದ್ರೆ ಹೋಗ್ಲಿ ಬಿಡು. ನಿನ್ನ ಹೊಲ ಇದೆಯಲ್ಲ ಅಕ್ಕ."